ಕೀಮೋ ನಡೀತಿರೋ ಮಗನಿಗೆ ಮೊಟ್ಟೆ ಬೇಡ ಮೊಸರು ಬೇಡ ತುಪ್ಪ ಬೇಡ ಅಂತಾರೆ ಮನೇಲಿ, ಹಾಗಾದ್ರೆ ಏನ್ ಕೊಡ್ಲಿ?

ಅರಕಲಗೂಡು_ಅಮ್ಮ:

ಎಲ್ರಿಗೂ ನಮಸ್ಕಾರ, ಇಲ್ಲಿ ಮೊದಲ ಸಲ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ. ನನ್ನ ಮಗನಿಗೆ 5 ವರ್ಷ, ಎಎಲ್ಎಲ್ ಅಂತಾರಲ್ಲ ಆ ಬ್ಲಡ್ ಕ್ಯಾನ್ಸರ್, ಬೆಂಗಳೂರಲ್ಲಿ ಟ್ರೀಟ್‌ಮೆಂಟ್ ನಡೀತಿದೆ, ಆಸ್ಪತ್ರೆ ಹತ್ರಾನೇ ಒಂದು ರೂಮ್ ಮಾಡ್ಕೊಂಡು ನಾನು ಅತ್ತೆ ಮಗ ಇದೀವಿ, ಯಜಮಾನ್ರು ವಾರಕ್ಕೊಂದ್ಸಲ ಊರಿಂದ ಬರ್ತಾರೆ.

ಮೊದಲ ತಿಂಗಳು ಸ್ಟೀರಾಯ್ಡ್ ಮಾತ್ರೆ ಇದ್ದಾಗ ಇವನ ಹಸಿವು ಕೇಳ್ಬೇಡಿ, ಮಧ್ಯರಾತ್ರಿ ಎದ್ದು ಚಿತ್ರಾನ್ನ ಬೇಕು ಅಂತ ಹಟ, ಕೊಡೋವರೆಗೂ ಅಳು, ಮುಖ ಎಲ್ಲಾ ಊದ್ಕೊಂಡು ಗುಂಡಗಾಗಿದ್ದ. ಈಗ ಆ ಮಾತ್ರೆ ನಿಲ್ಸಿದಾರೆ, ಮುಂದಿನ ಹಂತ ಶುರುವಾಗಿದೆ, ತಟ್ಟೆ ನೋಡಿದ್ರೇ ಮುಖ ತಿರುಗಿಸ್ತಾನೆ. ಬಾಯಲ್ಲಿ ಹುಣ್ಣು ಬೇರೆ. ಎರಡು ತುತ್ತು ತಿಂದ ಅಂದ್ರೆ ಆವತ್ತು ಹಬ್ಬ. ತೂಕ ಒಂದೂವರೆ ಕೆಜಿ ಇಳಿದಿದೆ.

ಅತ್ತೆ ಒಳ್ಳೇವ್ರೇ, ಮೊಮ್ಮಗ ಅಂದ್ರೆ ಪ್ರಾಣ, ಆದ್ರೆ ಪಥ್ಯ ಪಥ್ಯ ಅಂತ ಹಿಡ್ಕೊಂಡ್ಬಿಟ್ಟಿದಾರೆ. ಮೊಟ್ಟೆ ನಂಜು, ಮೊಸರು ಶೀತ, ಬಾಳೆಹಣ್ಣು ಕಫ, ಕಡಲೆಬೀಜ ಪಿತ್ತ, ತುಪ್ಪ ಲಿವರ್‌ಗೆ ಭಾರ. ಉಳಿದಿದ್ದು ಗಂಜಿ ಮತ್ತೆ ಮೆಣಸಿನ ಸಾರು. ಬಾಯಿ ಹುಣ್ಣಿರೋ ಮಗುಗೆ ಮೆಣಸಿನ ಸಾರು! ಮೈದುನ ಊರಿಂದ ವಾಟ್ಸಾಪ್ ಕಳಿಸ್ತಾನೆ, ಸಕ್ಕರೆ ತಿಂದ್ರೆ ಕ್ಯಾನ್ಸರ್ ಬೆಳೆಯುತ್ತಂತೆ ಬೆಲ್ಲಾನೂ ಕೊಡ್ಬೇಡಿ ಅಂತ. ಡಾಕ್ಟರ್ ಕೇಳಿದ್ರೆ "ಎಲ್ಲಾ ಕೊಡಿಯಮ್ಮ, ಹೈ ಪ್ರೋಟೀನ್ ಕೊಡಿ, ಹೊರಗಿಂದು ಬೇಡ" ಅಷ್ಟೇ, ಅವ್ರ ಹಿಂದೆ ಅಷ್ಟುದ್ದ ಕ್ಯೂ ಇರುತ್ತೆ ಅವ್ರನ್ನೂ ಏನಂತ ಅನ್ನೋದು. ಹೈ ಪ್ರೋಟೀನ್ ಅಂದ್ರೆ ನಮ್ಮಂಥವ್ರ ಅಡುಗೆಮನೇಲಿ ಏನು? ಡಬ್ಬಿ ಪೌಡರ್ ತಗೊಳ್ಳೋಣ ಅಂದ್ರೆ ರೇಟ್ ನೋಡಿ ವಾಪಸ್ ಇಟ್ಟು ಬಂದೆ. ಅನುಭವ ಇರೋರು ದಯವಿಟ್ಟು ಹೇಳಿ.

ತೀರ್ಥಹಳ್ಳಿ_ಕಡೆಯವಳು:

ಅಕ್ಕ, ನನ್ನ ಮಗಳದ್ದೂ ಇದೇ ಕಾಯಿಲೆ, ಈಗ ಮೇಂಟೆನೆನ್ಸ್ ಅಂತ ಕೊನೇ ಹಂತದ ಹಗುರ ಟ್ರೀಟ್‌ಮೆಂಟ್‌ನಲ್ಲಿದಾಳೆ, ಸ್ಕೂಲಿಗೂ ಹೋಗ್ತಿದಾಳೆ, ಧೈರ್ಯವಾಗಿರಿ.

ಎರಡೇ ತುತ್ತು ತಿಂತಾನೆ ಅಂದ್ರೆ ಆ ಎರಡು ತುತ್ತಲ್ಲೇ ಎಷ್ಟು ತುರುಕಕ್ಕಾಗುತ್ತೋ ಅಷ್ಟು ತುರುಕಿ. ಗಂಜಿಲಿ ಮುಕ್ಕಾಲು ನೀರೇ ಇರೋದು, ಹೊಟ್ಟೆ ತುಂಬುತ್ತೆ ಮೈಗೆ ಏನೂ ಹತ್ತಲ್ಲ. ಅದೇ ಅನ್ನಕ್ಕೆ ಹೆಸರುಬೇಳೆ ಜಾಸ್ತಿ ಹಾಕಿ ಕುಕ್ಕರಲ್ಲಿ ಮೂರು ವಿಶಲ್ ಜಾಸ್ತಿ ಕೂಗಿಸಿ, ಸೌಟಲ್ಲಿ ಮಸೆದು, ಮೇಲೆ ಒಂದು ಚಮಚ ತುಪ್ಪ. ಮೊಟ್ಟೆ ಬೇಯಿಸಿ ಕೊಟ್ರೆ ವಾಸನೆಗೆ ಓಡ್ತಿದ್ಲು, ದೋಸೆ ಹಿಟ್ಟಿಗೇ ಒಡೆದು ಕದಡಿ ಎರಡೂ ಕಡೆ ಚೆನ್ನಾಗಿ ಬೇಯಿಸಿ ಕೊಟ್ರೆ ಗೊತ್ತೇ ಆಗ್ತಿರ್ಲಿಲ್ಲ.

ನಮ್ಮನೇಲಿ ಕೈ ಹಿಡಿದಿದ್ದು ರಾಗಿ ಮಾಲ್ಟ್. ರಾಗಿ ಮೊಳಕೆ ಕಟ್ಟಿ ಒಣಗಿಸಿ ಹುರಿದು ಹಿಟ್ಟು ಮಾಡಿಸಿ ಇಟ್ಕೊಳ್ಳಿ, ಸುಮ್ನೆ ರಾಗಿ ಹಿಟ್ಟು ಬೇಡ, ಯಾಕಂದ್ರೆ ಮೊಳಕೆ ಹಿಟ್ಟು ಬೆಂದ ಮೇಲೂ ತೆಳ್ಳಗೇ ಇರುತ್ತೆ, ಅದೇ ಲೋಟಕ್ಕೆ ಹಿಟ್ಟು ಜಾಸ್ತಿ ಹಾಕಬಹುದು, ಗಟ್ಟಿ ಅಂತ ಮಗು ಮುಖ ಸಿಂಡರಿಸಲ್ಲ. ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ ಕುದಿಯೋ ಹಾಲಿಗೆ ಹಾಕಿ ಕೈ ಬಿಡದೆ ತಿರುವಿ, ಇಳಿಸಿದ ಮೇಲೆ ಒಂದು ಚಮಚ ಹಾಲಿನ ಪುಡಿ, ನುಣ್ಣಗೆ ಪುಡಿ ಮಾಡಿದ ಹುರಿದ ಕಡಲೆಬೀಜ, ಸ್ವಲ್ಪ ಆರಿದ ಮೇಲೆ ಕುದಿಸಿ ಸೋಸಿದ ಬೆಲ್ಲದ ನೀರು, ಬಿಸಿಲಿ ಹಾಕಿದ್ರೆ ಹಾಲು ಒಡೆಯುತ್ತೆ. ಹುಣ್ಣಿದ್ದಾಗ ಪೂರ್ತಿ ತಣ್ಣಗೆ ಮಾಡಿ ಸ್ಟ್ರಾ ಹಾಕಿ ಕೊಡಿ.

ಇನ್ನೊಂದು, ಒಂದೇ ರೂಮಲ್ಲಿ ಅಡುಗೆ ಮಾಡ್ತೀರಾ ಅನ್ಸುತ್ತೆ, ಒಗ್ಗರಣೆ ವಾಸನೆಗೇ ನಮ್ಮವಳಿಗೆ ವಾಂತಿ ಬರ್ತಿತ್ತು. ಅವ್ನನ್ನ ಹೊರಗೆ ಜಗಲಿಲಿ ಕೂರ್ಸಿ ಅಡುಗೆ ಮುಗ್ಸಿ. ಸ್ಟೀಲ್ ಸ್ಪೂನ್ ಬಾಯಿಗಿಟ್ರೆ ಕಬ್ಬಿಣದ ರುಚಿ ಅಂತಿದ್ಲು, ಪ್ಲಾಸ್ಟಿಕ್ ಸ್ಪೂನ್ ತಂದ್ಮೇಲೆ ಆ ರಗಳೆ ತಪ್ತು. ವಾಂತಿ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಿ, ಊಟ ಆದ್ಮೇಲೆ ಕೊಟ್ರೆ ಏನ್ ಪ್ರಯೋಜನ.

ಸಹಜ_ಆರೋಗ್ಯ:

ಮೇಡಂ ಹಾಲು ಸಕ್ಕರೆ ಮೊಟ್ಟೆ ಇವೆಲ್ಲಾ ಕ್ಯಾನ್ಸರ್‌ಗೆ ಗೊಬ್ಬರ ಇದ್ದಂಗೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಲಿ ಅಮೃತಬಳ್ಳಿ ಕಷಾಯ, ಗೋಧಿ ಹುಲ್ಲಿನ ರಸ ಕೊಡಿ, ಪ್ಲೇಟ್ಲೆಟ್ ಇಳಿದ್ರೆ ಪರಂಗಿ ಎಲೆ ರಸ. ನಮ್ಮ ಪರಿಚಯದವ್ರಿಗೆ ಗುಣ ಆಗಿದೆ. ಸೈಡ್ ಎಫೆಕ್ಟ್ ಇಲ್ಲ.

ಡಯಟಿಷಿಯನ್_ಮೈಸೂರು:

ಮೇಲಿನ ಕಾಮೆಂಟ್ ದಯವಿಟ್ಟು ಪಾಲಿಸ್ಬೇಡಿ ಅಮ್ಮ. ನಾನು ಮಕ್ಕಳ ಕ್ಯಾನ್ಸರ್ ವಾರ್ಡಲ್ಲಿ ಕೆಲಸ ಮಾಡಿದೀನಿ, ಅಮೃತಬಳ್ಳಿ ತಗೊಂಡು ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳನ್ನ ಮುಂಬೈ ಡಾಕ್ಟರುಗಳು 2021ರಲ್ಲೇ ವರದಿ ಮಾಡಿದಾರೆ. ನಿಮ್ಮ ಮಗನಿಗೆ ಕೊಡ್ತಿರೋ ಔಷಧಿಗಳಲ್ಲೇ ಲಿವರ್ ಮೇಲೆ ಭಾರ ಹಾಕೋವು ಇರ್ತವೆ, ಅದ್ರ ಮೇಲೆ ಕಷಾಯನೂ ಕೊಟ್ಟು ಲಿವರ್ ಟೆಸ್ಟ್ ಏರಿದ್ರೆ ಕೀಮೋನೇ ಮುಂದೂಡ್ತಾರೆ, ಆಗ ನಷ್ಟ ಯಾರಿಗೆ? ಹಸಿ ಹುಲ್ಲಿನ ರಸ, ಎಲೆ ರಸ ಇವೆಲ್ಲಾ ಬೇಯಿಸದೆ ಕೊಡೋವು, ಕೌಂಟ್ (ರಕ್ತದಲ್ಲಿ ಬಿಳಿ ಕಣಗಳ ಲೆಕ್ಕ) ಕಮ್ಮಿ ಇರೋ ಮಗುಗೆ ಇನ್ಫೆಕ್ಷನ್‌ಗೆ ದಾರಿ.

ಸಕ್ಕರೆ ವಿಷಯ. ಮೈಯಲ್ಲಿರೋ ಎಲ್ಲಾ ಜೀವಕೋಶಾನೂ ಗ್ಲೂಕೋಸ್ ಬಳಸುತ್ತೆ, ಬೆಲ್ಲ ನಿಲ್ಸಿದ ಮಾತ್ರಕ್ಕೆ ಕ್ಯಾನ್ಸರ್ ಉಪವಾಸ ಬೀಳಲ್ಲ, ಸಣ್ಣಗಾಗೋದು ನಿಮ್ಮ ಮಗನೇ. ಸ್ಟೀರಾಯ್ಡ್ ನಡೀವಾಗ ಕೆಲವು ಮಕ್ಕಳಿಗೆ ಶುಗರ್ ಏರುತ್ತೆ, ಆಗ ಸಿಹಿ ಮತ್ತೆ ಉಪ್ಪು ಕಮ್ಮಿ ಮಾಡಿ ಅಂತ ನಾವೇ ಹೇಳ್ತೀವಿ, ಅದು ಬೇರೆ ಮಾತು. ಮುಂದೆ ಮತ್ತೆ ಸ್ಟೀರಾಯ್ಡ್ ಬರೋ ಹಂತ ಇರುತ್ತೆ, ಆಗ ಮಧ್ಯರಾತ್ರಿ ಚಿತ್ರಾನ್ನದ ಹಟಕ್ಕೆ ಚಿಪ್ಸ್ ಉಪ್ಪಿನಕಾಯಿ ಬದಲು ಮೊಟ್ಟೆ ದೋಸೆ, ಉಪ್ಪಿಟ್ಟು ಅಂಥದ್ದು ರೆಡಿ ಇಟ್ಕೊಳ್ಳಿ. ಸ್ಟೀರಾಯ್ಡ್ ಮೂಳೇನೂ ಸವೆಸುತ್ತೆ, ಅದಕ್ಕೇ ರಾಗಿ ಒಳ್ಳೇದು, 100 ಗ್ರಾಂ ರಾಗಿಲಿ ಹತ್ರಹತ್ರ 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಹೈ ಪ್ರೋಟೀನ್ ಅಂದ್ರೆ ಡಬ್ಬಿನೇ ಆಗ್ಬೇಕಿಲ್ಲ. ಒಂದು ಮೊಟ್ಟೇಲಿ 6 ಗ್ರಾಂ ಪ್ರೋಟೀನ್, ಒಂದು ಲೋಟ ಹಾಲಲ್ಲೂ ಸುಮಾರು ಅಷ್ಟೇ, ಒಂದು ಹಿಡಿ ಹುರಿದ ಕಡಲೆಬೀಜದಲ್ಲೂ ಅಷ್ಟೇ. ಒಂದು ಟೀ ಚಮಚ ತುಪ್ಪ ಹಾಕಿದ್ರೆ 45 ಕ್ಯಾಲರಿ ಸುಮ್ನೆ ಸೇರುತ್ತೆ. ತುಪ್ಪ ಲಿವರ್‌ಗೆ ಭಾರ ಅನ್ನೋ ಅತ್ತೆಯವರ ಮಾತಲ್ಲಿ ಒಂದಂಶ ನಿಜ, ಆಸ್ಪರಾಜಿನೇಸ್ ಅಂತ ಇಂಜೆಕ್ಷನ್ ಕೊಡ್ತಾರೆ, ಅದ್ರಿಂದ ಕೆಲವು ಮಕ್ಕಳಿಗೆ ಜಿಡ್ಡು ಅರಗಿಸೋಕೆ ಬೇಕಾದ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಊದ್ಕೊಳ್ಳುತ್ತೆ. ಹೊಟ್ಟೆ ಮೇಲ್ಭಾಗ ಜೋರು ನೋವು, ಬೆನ್ನಿಗೆ ಹರಿಯೋ ನೋವು, ವಾಂತಿ ಅಂದ್ರೆ ಊಟ ನಿಲ್ಸಿ ಸೀದಾ ಆಸ್ಪತ್ರೆಗೆ ಓಡಿ. ಹಾಗಾದವ್ರಿಗೆ ಮಾತ್ರ ಆಮೇಲೆ ಜಿಡ್ಡು ಕಮ್ಮಿ ಮಾಡ್ತೀವಿ, ಉಳಿದವ್ರಿಗೆ ತುಪ್ಪ ಬೇಕು.

ಮಲಬದ್ಧತೆ ಬಗ್ಗೆ ನೀವು ಬರೆದಿಲ್ಲ ಆದ್ರೂ ಹೇಳ್ತೀನಿ, ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕರುಳನ್ನ ನಿಧಾನ ಮಾಡುತ್ತೆ, ಹೊಟ್ಟೆ ಕಟ್ಕೊಂಡಿದ್ರೆ ಮಗು ಊಟಾನೂ ಮಾಡಲ್ಲ. ನೀರು, ಸಿಪ್ಪೆ ಸುಲಿಯೋ ಹಣ್ಣು, ಡಾಕ್ಟರ್ ಬರೆದ ಸಿರಪ್. ಎನಿಮಾ ಮನೇಲಿ ಕೊಡ್ಲೇಬೇಡಿ. ಚಕ್ಕೋತ, ಗ್ರೇಪ್‌ಫ್ರೂಟ್ ಮಾತ್ರ ಬೇಡ, ಅವು ಈ ವಿನ್‌ಕ್ರಿಸ್ಟಿನ್ ಮೈಯಿಂದ ಹೊರಗೆ ಹೋಗೋದನ್ನ ತಡೀಬಹುದು. ರಕ್ತ ಆಗ್ಲಿ ಅಂತ ಐರನ್ ಟಾನಿಕ್, ಫೋಲಿಕ್ ಆಸಿಡ್ ನಿಮ್ಮಷ್ಟಕ್ಕೆ ಕೊಡ್ಬೇಡಿ, ರಕ್ತ ಹಾಕಿಸ್ಕೊಳ್ಳೋ ಮಕ್ಕಳ ಮೈಯಲ್ಲಿ ಐರನ್ ಆಗ್ಲೇ ಜಾಸ್ತಿ ಇರುತ್ತೆ, ಮತ್ತೆ ಫೋಲಿಕ್ ಆಸಿಡ್ ಮೆಥೊಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿಗೆ ಅಡ್ಡ ಬರುತ್ತೆ.

ಮೊದಲು ಕೌಂಟ್ ಕಮ್ಮಿ ಇರೋವ್ರಿಗೆ ನ್ಯೂಟ್ರೋಪೀನಿಕ್ ಡಯಟ್ ಅಂತ ಹಣ್ಣು ತರಕಾರಿ ಹಸಿದೆಲ್ಲಾ ಬಂದ್ ಮಾಡಿಸ್ತಿದ್ರು. ಅಮೆರಿಕದಲ್ಲಿ 150 ಮಕ್ಕಳ ಮೇಲೆ ಮಾಡಿದ ಟ್ರಯಲ್ 2018ರಲ್ಲಿ ಬಂತು, ಆ ಕಟ್ಟುನಿಟ್ಟಿನ ಪಥ್ಯ ಮಾಡಿದವ್ರಿಗೂ ಬರೀ ಶುಚಿ ಪಾಲಿಸಿದವ್ರಿಗೂ ಇನ್ಫೆಕ್ಷನ್‌ನಲ್ಲಿ ವ್ಯತ್ಯಾಸ ಸಿಗ್ಲಿಲ್ಲ. ಆದ್ರೆ ಅಲ್ಲಿನ ನೀರು ಬೇರೆ ಇಲ್ಲಿನ ನೀರು ಬೇರೆ, ಹಾಗಾಗಿ ನಾನು ಕುದಿಸಿ ಆರಿಸಿದ ನೀರು, ಕೌಂಟ್ ಬಿದ್ದಾಗ ಕೋಸಂಬರಿ, ಹಸಿ ಮೊಳಕೆಕಾಳು, ಹಸಿ ಕಾಯಿ ಚಟ್ನಿ ಬೇಡ ಅಂತಾನೇ ಹೇಳೋದು. ಬಾಳೆ, ಕಿತ್ತಳೆ, ದಾಳಿಂಬೆ ಮನೇಲಿ ತೊಳೆದು ಸುಲಿದು ಕೊಡಿ. ಮಾಡಿದ ಅಡುಗೆ ಎರಡು ಗಂಟೆ ಮೇಲೆ ಹೊರಗಿಟ್ಟಿದ್ದು ಬೇಡ. ಅತ್ತೆಯವ್ರಿಗೆ ಮಡಿ ರೂಢಿ ಇದ್ರೆ ಅದು ನಿಮಗೆ ವರ ಅಂದ್ಕೊಳ್ಳಿ, ತಂಗಳು ಬೇಡ, ಕೈ ತೊಳೆದೇ ಮುಟ್ಬೇಕು, ಇವ್ನ ತಟ್ಟೆ ಲೋಟ ಬೇರೆ, ಆ ಜವಾಬ್ದಾರಿ ಪೂರ್ತಿ ಅವ್ರಿಗೇ ಬಿಟ್ಬಿಡಿ. ನಂಜಿನ ವಿಷಯಕ್ಕೆ ಮುಂದಿನ ಸಲ ಒಪಿಡಿಗೆ ಅವ್ರನ್ನೇ ಕರ್ಕೊಂಡು ಹೋಗಿ ಅಲ್ಲಿನ ಡಯಟಿಷಿಯನ್ ಮುಂದೆ ಕೂರ್ಸಿ, ಸೊಸೆ ಬಾಯಲ್ಲಿ ಕೇಳೋದಕ್ಕೂ ಬಿಳಿ ಕೋಟಿನವ್ರ ಬಾಯಲ್ಲಿ ಕೇಳೋದಕ್ಕೂ ವ್ಯತ್ಯಾಸ ಇದೆ :)

ಪೌಡರ್ ದುಡ್ಡಿನ ಚಿಂತೆ ಇದ್ರೆ ಆಸ್ಪತ್ರೇಲಿ ಸೋಷಿಯಲ್ ವರ್ಕರ್ ಕೇಳಿ, ಮುಂಬೈನ ಕಡಲ್ಸ್ ಫೌಂಡೇಶನ್ ಥರದ ಸಂಸ್ಥೆಗಳು ದೇಶದ ಸುಮಾರು ಆಸ್ಪತ್ರೆಗಳಲ್ಲಿ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ನ್ಯೂಟ್ರಿಷನಿಸ್ಟ್ ಇಟ್ಟು ಸಪ್ಲಿಮೆಂಟು ರೇಷನ್ನು ಉಚಿತವಾಗಿ ಕೊಡ್ತವೆ.

ಅರಕಲಗೂಡು_ಅಮ್ಮ:

ಮೇಡಂ ತುಂಬಾ ಥ್ಯಾಂಕ್ಸ್, ಓದಿ ಅತ್ತೆಗೂ ಓದಿ ಹೇಳಿದೆ, ಮಡಿ ವಿಷಯ ಕೇಳಿ ನಕ್ಕರು. ಮೊಸರಿಗೆ ಇನ್ನೂ ಒಪ್ಪಿಲ್ಲ. ಮೊಸರು ಕೊಡಬಹುದಾ ಕೌಂಟ್ ಕಮ್ಮಿ ಇದ್ದಾಗ? ಇನ್ನೊಂದು, ತೂಕ ಇನ್ನೂ ಇಳಿದ್ರೆ ಮೂಗಲ್ಲಿ ಪೈಪ್ ಹಾಕ್ತೀವಿ ಅಂದಿದಾರೆ, ಅದನ್ನ ಕೇಳಿದಾಗಿಂದ ನಿದ್ದೆ ಇಲ್ಲ.

ಹುಬ್ಬಳ್ಳಿ_ಅಪ್ಪ:

ಪೈಪಿಗೆ ಅಂಜಬ್ಯಾಡ್ರಿ ಅಕ್ಕಾರ. ನಮ್ಮ ಹುಡುಗಗ ಹೊಟ್ಟ್ಯಾಗ ಗಡ್ಡಿ ಆಗಿತ್ತು, ಕಿಡ್ನಿದು. ತೂಕ ಮಾಡಿದ್ರ ಸರಿನ ಐತಿ ಅಂತ ನಾವು ತಿಳಕೊಂಡಿದ್ವಿ, ಡಾಕ್ಟರ್ ಟೇಪ್ ತಗೊಂಡು ತೋಳ ಅಳತಿ ಮಾಡಿ ತೋರಿಸಿದ್ರು, ತೋಳು ಕಡ್ಡಿ ಆಗಿತ್ರಿ. ತೂಕ ಅಂದ್ರ ಗಡ್ಡಿದು ಅದರಾಗ ಸೇರಿರ್ತೈತಿ, ಸ್ಟೀರಾಯ್ಡ್ ತಗೊಳ್ಳೋ ಹುಡುಗರಿಗೆ ನೀರಿಂದು ಸೇರಿರ್ತೈತಿ, ಅದಕ್ಕ ತೋಳ ಅಳತಿ ನೋಡ್ರಿ ಅಂದ್ರು. ನೀವೂ ಕೇಳಿ ಮಾಡಿಸ್ರಿ.

ಆಮ್ಯಾಲೆ ಮೂಗಿಗೆ ಪೈಪ್ ಹಾಕಿದ್ರು, ನಮ್ಮ ಅವ್ವ ಅಂತೂ ಇನ್ನ ಮುಗೀತು ಅಂತ ಅಳಾಕ ಕುಂತ್ಲು. ಹಾಕೋ ಮುಂದ ಎರಡು ನಿಮಿಷ ಒದ್ದಾಡ್ತಾನ, ಆಮ್ಯಾಲೆ ಅದನ್ನ ಇಟ್ಕೊಂಡ ಆಟ ಆಡ್ತಿದ್ದ. ನಮಗೂ ಒಂದು ನೆಮ್ಮದಿ ಏನಂದ್ರ ತಿನ್ನು ತಿನ್ನು ಅಂತ ಬಡಿದಾಡೋದು ನಿಂತು ಹೋತು. ಅದರಾಗ ಏನು ಹಾಕಬೇಕು ಎಷ್ಟು ಹಾಕಬೇಕು ಹೆಂಗ ತೊಳಿಬೇಕು ಎಲ್ಲಾ ಸಿಸ್ಟರ್ ಕಲಿಸ್ತಾರ. ಬಾಯಿ ಹುಣ್ಣು ಮಾಯೋತನಕ ಅಷ್ಟ, ಆಮ್ಯಾಲೆ ತೆಗದ್ರು. ತೆಗದ ಮ್ಯಾಲ ಅವ ಮೊದಲು ಕೇಳಿದ್ದು ಶೇಂಗಾ ಹೋಳಿಗಿ.

ಡಯಟಿಷಿಯನ್_ಮೈಸೂರು:

ಸರ್ ಹೇಳಿದ್ದು ಸರಿ, ಟ್ಯೂಬ್ ಅಂದ್ರೆ ಕೊನೆ ಹಂತ ಅಂತ ಅಲ್ಲವೇ ಅಲ್ಲ, ಬಾಯಿಗೆ ಸ್ವಲ್ಪ ರಜೆ ಅಷ್ಟೇ.

ಮೊಸರು: ಕಾಯಿಸಿದ ಹಾಲಲ್ಲಿ ಮನೇಲಿ ಹೆಪ್ಪು ಹಾಕಿದ್ದು, ಅವತ್ತಿಂದವತ್ತೇ, ಸಾಮಾನ್ಯವಾಗಿ ಕೊಡಬಹುದು, ಹುಣ್ಣಿದ್ದಾಗ ಮಸೆದ ಮೊಸರನ್ನದಷ್ಟು ಸುಲಭವಾಗಿ ಇಳಿಯೋದು ಇನ್ನೊಂದಿಲ್ಲ. ಹುಳಿ ಬಂದಿದ್ದು ಮಾತ್ರ ಬೇಡ, ಉರಿಯುತ್ತೆ. ಎಎನ್‌ಸಿ (ಸೋಂಕಿನ ವಿರುದ್ಧ ಹೋರಾಡೋ ಬಿಳಿ ಕಣಗಳ ಕೌಂಟ್) 500ಕ್ಕಿಂತ ಕೆಳಗೆ ಬಿದ್ದಾಗ ಕೆಲವು ಯೂನಿಟ್‌ಗಳಲ್ಲಿ ಮೊಸರು ನಿಲ್ಲಿಸ್ತಾರೆ, ನಿಮ್ಮವ್ರನ್ನ ಕೇಳ್ಕೊಳ್ಳಿ, ಆಗ ಚೆನ್ನಾಗಿ ಕುದಿಸಿದ ಮಜ್ಜಿಗೆ ಹುಳಿ ಮಾಡಿ, ಖಾರ ಇಲ್ಲದೆ. ಜ್ವರ 100.4 ಫ್ಯಾರನ್‌ಹೀಟ್ ತಲುಪಿದ್ರೆ ಮೊಸರು ತಿಂದಿದ್ದಕ್ಕೆ ಶೀತ ಆಯ್ತು ಅಂತ ಮನೇಲಿ ಕೂತ್ಕೋಬೇಡಿ, ರಾತ್ರಿ ಆದ್ರೂ ಆಸ್ಪತ್ರೆಗೆ ಹೊರಡಿ.

ಮತ್ತೆ ಕೀಮೋ ದಿನ ಅವ್ನಿಗೆ ತುಂಬಾ ಇಷ್ಟವಾದ್ದನ್ನ ಕೊಡ್ಬೇಡಿ. ಕೀಮೋಗೆ ಮುಂಚೆ ಮಕ್ಕಳಿಗೆ ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟು 1978ರಲ್ಲೇ ಅಮೆರಿಕದಲ್ಲಿ ನೋಡಿದಾರೆ, ಆಮೇಲೆ ಆ ಮಕ್ಕಳು ಆ ಐಸ್‌ಕ್ರೀಮನ್ನೇ ಬೇಡ ಅಂದ್ವು. ಆ ವಾಂತಿಯ ನೆನಪು ತಿಂಡಿಗೆ ಅಂಟ್ಕೊಂಡ್ಬಿಡುತ್ತೆ. ಚಿತ್ರಾನ್ನ ಬೇರೆ ದಿನಕ್ಕಿರ್ಲಿ.

ಅರಕಲಗೂಡು_ಅಮ್ಮ:

ಸರಿ ಮೇಡಂ. ಸರ್ ನಿಮಗೂ ಥ್ಯಾಂಕ್ಸ್, ಪೈಪಿನ ಭಯ ಅರ್ಧ ಹೋಯ್ತು. ಕೊನೇದಾಗಿ ಒಂದೇ ಒಂದು, ಆಸ್ಪತ್ರೆ ಗೇಟ್ ಹತ್ರ ಎಳನೀರು ಮಾರ್ತಾರೆ, ಅದೊಂದನ್ನ ಕೇಳಿ ಕೇಳಿ ಕುಡೀತಾನೆ, ಅದೂ ಹೊರಗಿಂದೇನಾ?

ಡಯಟಿಷಿಯನ್_ಮೈಸೂರು:

ಎಳನೀರು ಒಳ್ಳೇದೇ, ಅಲ್ಲಿನ ಮಚ್ಚು, ಸ್ಟ್ರಾ ತೊಂದ್ರೆ. ಕಾಯಿ ಇಡಿಯಾಗಿ ರೂಮಿಗೆ ತನ್ನಿ, ಹೊರಗೆ ತೊಳೆದು ನಿಮ್ಮ ತೊಳೆದ ಕತ್ತಿಲೇ ಕೆತ್ತಿ ನಿಮ್ಮ ಲೋಟಕ್ಕೆ ಬಗ್ಗಿಸಿ ತಕ್ಷಣ ಕುಡಿಸಿ, ಮಿಕ್ಕಿದ್ದು ನೀವು ಕುಡೀರಿ, ಇಟ್ಟು ಕೊಡ್ಬೇಡಿ. ಕಿಡ್ನಿ ತೊಂದರೆ ಅಥವಾ ಪೊಟ್ಯಾಸಿಯಂ ಜಾಸ್ತಿ ಇದೆ ಅಂತ ಯಾವತ್ತಾದ್ರೂ ರಿಪೋರ್ಟಲ್ಲಿ ಹೇಳಿದ್ರೆ ಮಾತ್ರ ನಿಲ್ಸಿ, ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುತ್ತೆ. ಒಳಗಿನ ಗಂಜಿ ಮೆತ್ತಗಿದ್ರೆ ಅದನ್ನೂ ಸ್ಪೂನಲ್ಲಿ ತೆಗೆದು ಕೊಡಿ, ಹುಣ್ಣಿಗೆ ಹಿತವಾಗಿರುತ್ತೆ.