ಫುಟ್‌ಪಾತ್, ಕಾಲುದಾರಿ, ಜಾಡು: ನಕ್ಷೆಗೆ ಯಾವ ಪದ?

ಸಂಜೆ ವಾಕಿಂಗ್ ಹೋದಾಗ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಒಂದಿಷ್ಟು ವಿವರ ಸೇರಿಸುತ್ತಾ ಬರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈಗ ಹೊಸಬರಿಗಾಗಿ ಕನ್ನಡದಲ್ಲಿ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ನಾಲ್ಕು ಪುಟ ದಾಟಿಲ್ಲ, ಆಗಲೇ ಪದಗಳಲ್ಲಿ ಸಿಕ್ಕಿಹಾಕಿಕೊಂಡೆ.

ಮೊದಲು ಎಡವಿದ್ದು 'ವೇ' ಹತ್ತಿರ. ಈ ನಕ್ಷೆಯಲ್ಲಿ ಒಂಟಿ ಚುಕ್ಕಿ ನೋಡ್, ಚುಕ್ಕಿಗಳನ್ನು ಸಾಲಾಗಿ ಕೂಡಿಸಿದರೆ ವೇ. ನಾನು ಸುಮ್ನೆ 'ದಾರಿ' ಅಂತ ಬರೆದುಬಿಟ್ಟೆ. ಕರಡು ಓದಿದ ಗೆಳತಿ, "ಮನೆಯನ್ನೂ ದಾರಿ ಅಂದಿದ್ದೀಯಲ್ಲ, ಅದ್ಹೇಗೆ?" ಅಂದಳು. ನಿಜವೇ. ಕಟ್ಟಡದ ಸುತ್ತ ಎಳೆದ ಗೆರೆಯೂ ವೇ, ಕೆರೆಯ ಅಂಚೂ ವೇ. ಈಗ 'ಗೆರೆ' ಅಂತ ತಿದ್ದಿದ್ದೇನೆ. ಅದು ಸರಿ ಕೂತಿದೆ ಅನ್ನಿಸುತ್ತದೆ.

'ಹೈವೇ' ಇನ್ನೂ ತಮಾಷೆ. ಈ ನಕ್ಷೆ ಹುಟ್ಟಿದ್ದು 2004ರಲ್ಲಿ, ಬ್ರಿಟನ್ನಿನಲ್ಲಿ. ಅಲ್ಲಿನ ಕಾನೂನಿನ ಮಾತಿನಲ್ಲಿ ಜನ ಓಡಾಡಬಹುದಾದ ದಾರಿಯೆಲ್ಲ ಹೈವೇ. ಹಾಗಾಗಿ ಗಲ್ಲಿಗೂ ಮೆಟ್ಟಿಲಿಗೂ ಹೈವೇ ಟ್ಯಾಗೇ (ಗೆರೆ ಯಾವುದರದ್ದು ಎಂದು ತಿಳಿಸುವ ಗುರುತುಚೀಟಿ) ಹಾಕಬೇಕು. ಅದನ್ನು 'ಹೆದ್ದಾರಿ' ಮಾಡಿದರೆ ಮೆಟ್ಟಿಲೂ ಹೆದ್ದಾರಿ! ಇದನ್ನು ಮುಟ್ಟದೆ ಹಾಗೇ ಬಿಟ್ಟಿದ್ದೇನೆ.

ನಿಜವಾದ ತಲೆನೋವು ಮುಂದಿದೆ. ಮೊನ್ನೆ ನಡೆದ ಒಂದು ಮೈದಾನವನ್ನೇ ತಗೊಳ್ಳಿ. ಮೂರು ಬದಿಗೂ ಕಲ್ಲು ಹಾಸಿದ ಫುಟ್‌ಪಾತ್ ಇದೆ. ಆದರೆ ಜನ ಅದನ್ನು ಬಿಟ್ಟು ಮೂಲೆಯಿಂದ ಮೂಲೆಗೆ ಕತ್ತರಿಸಿಕೊಂಡು ಹೋಗುತ್ತಾರೆ. ಒಂದು ಅಡಿ ಅಗಲಕ್ಕೆ ಹುಲ್ಲು ಸವೆದು ಮಣ್ಣು ಗಟ್ಟಿಯಾಗಿದೆ. ಮಧ್ಯೆ ಒಂದು ಕಲ್ಲು ಎದ್ದಿದೆ, ದಾರಿಯೂ ಅದನ್ನು ಬಳಸಿಕೊಂಡು ಸ್ವಲ್ಪ ಸೊಟ್ಟಗೆ ಹೋಗಿದೆ. ನಕ್ಷೆಯಲ್ಲಿ ಮೊದಲನೆಯದಕ್ಕೆ 'ಫುಟ್‌ವೇ', ಎರಡನೆಯದಕ್ಕೆ 'ಪಾತ್'. ಯಾರೂ ಕಟ್ಟಿದ್ದಲ್ಲ, ನಡೆದೂ ನಡೆದೂ ಆದದ್ದು ಎಂದು ತಿಳಿಸಲು 'ಇನ್‌ಫಾರ್ಮಲ್' ಅನ್ನುವ ಟ್ಯಾಗ್ ಬೇರೆ ಸೇರಿಸುತ್ತೇವೆ.

ಕನ್ನಡದಲ್ಲಿ? 'ಫುಟ್‌ಪಾತ್' ಅನ್ನು ಬಿಡಿಸಿದರೆ ಕಾಲುದಾರಿಯೇ. ಆದರೆ ರಸ್ತೆ ಅಂಚಿನ ಕಲ್ಲುಹಾಸಿನ ಮೇಲೆ ನಿಂತು ಯಾರೂ ಕಾಲುದಾರಿ ಅನ್ನುವುದಿಲ್ಲ, ಅಲ್ವಾ? 'ಪಾದಚಾರಿ ಮಾರ್ಗ' ಬೋರ್ಡಿನ ಮಾತು, ಬಾಯಿಗೆ ಬರುವುದಿಲ್ಲ. ಕಾಲುದಾರಿ ಅಂದ ಕೂಡಲೇ ನನ್ನ ಕಣ್ಣಿಗೆ ಬರುವುದು ಆ ಹುಲ್ಲು ಸವೆದ ದಾರಿ. ಇದಕ್ಕೆ ಕ್ರಿಯಾಪದವೂ ಸಾಕ್ಷಿ ಹೇಳುತ್ತದೆ ನೋಡಿ. ರಸ್ತೆ 'ಹಾಕುತ್ತಾರೆ', ಫುಟ್‌ಪಾತ್ 'ಕಟ್ಟುತ್ತಾರೆ', ಕಾಲುದಾರಿ ಮಾತ್ರ ತಾನೇ 'ಬೀಳುತ್ತದೆ'. ಇನ್‌ಫಾರ್ಮಲ್ ಅನ್ನುವ ಟ್ಯಾಗಿನ ಅರ್ಥವೆಲ್ಲ ಆ ಒಂದು 'ಬೀಳು' ಪದದಲ್ಲೇ ಇದೆ.

ಹಾಗಾಗಿ ಫುಟ್‌ವೇಗೆ 'ಫುಟ್‌ಪಾತ್', ಪಾತ್‌ಗೆ 'ಕಾಲುದಾರಿ' ಎಂದು ಬರೆಯೋಣ ಅಂದುಕೊಂಡಿದ್ದೇನೆ. ಆದರೆ ಫುಟ್‌ವೇ ರಸ್ತೆ ಪಕ್ಕದ್ದೇ ಆಗಬೇಕಿಲ್ಲ. ಪಾರ್ಕಿನ ಒಳಗೆ ಇಟ್ಟಿಗೆ ಹಾಸಿದ ದಾರಿಯೂ ಫುಟ್‌ವೇ. ಅದನ್ನು ಫುಟ್‌ಪಾತ್ ಅಂದರೆ ನನ್ನ ಕಿವಿಗೆ ಸ್ವಲ್ಪ ಕಿರಿಕಿರಿ. 'ನಡೆದಾರಿ' ಅಂತ ಹೊಸದಾಗಿ ಕಟ್ಟಬಹುದು, ಆದರೆ ಕಟ್ಟಿದ ಪದ ಕಟ್ಟಿದ ಹಾಗೇ ಕೇಳಿಸುತ್ತದೆ.

'ಅಡ್ಡದಾರಿ' ಯೋಚಿಸಿದೆ, ಅದಕ್ಕೆ ಕೆಟ್ಟ ಹೆಸರು ಜಾಸ್ತಿ. 'ಜಾಡು' ಚೆನ್ನಾಗಿತ್ತು, ಆದರೆ ಫೋನಿನ ಜಿಪಿಎಸ್ ನಾವು ನಡೆದುದನ್ನು ಗೆರೆಯಾಗಿ ದಾಖಲಿಸುತ್ತದಲ್ಲ, ಅದಕ್ಕೆ ಆಗಲೇ ಜಾಡು ಅಂತ ಬರೆದಾಗಿದೆ. ಹೊಲ, ಕಾಡಿನ ಕಡೆ ಗಾಡಿ ಹೋಗುವ ಮಣ್ಣು ರಸ್ತೆಗೆ, ಅಂದರೆ ನಕ್ಷೆಯ 'ಟ್ರ್ಯಾಕ್'ಗೆ, 'ಬಂಡಿದಾರಿ' ಒಪ್ಪುತ್ತದೆ.

ನನ್ನ ಪ್ರಶ್ನೆ ಎರಡು. ಪಾರ್ಕಿನೊಳಗೆ ನಡೆಯಲೆಂದೇ ಹಾಸಿದ ದಾರಿಗೆ ನಿಮ್ಮ ಕಡೆ ಆಡುಮಾತಿನಲ್ಲಿ ಏನನ್ನುತ್ತೀರಿ? 'ಕಾಲುದಾರಿ', 'ಕಾಲುಹಾದಿ' ಎರಡನ್ನೂ ಬಳಸುವವರು ಇವುಗಳ ನಡುವೆ ಏನಾದರೂ ವ್ಯತ್ಯಾಸ ಮಾಡುತ್ತೀರಾ? ನಿಘಂಟಿನ ಅರ್ಥಕ್ಕಿಂತ, ನೀವು ಯಾರಿಗಾದರೂ ದಾರಿ ಹೇಳುವಾಗ ಬಾಯಿಂದ ಬರುವ ಪದವೇ ನನಗೆ ಬೇಕು.