ಸೆಡೇಶನ್ (ಮಂಪರು ಬರಿಸುವ ಮದ್ದು) ಕೊಟ್ಟು ಹಲ್ಲು ಕೀಳುವ ದಿನ ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಹೇಗೆ?

ಪ್ರಶ್ನೆ (ವಿರಾಜಪೇಟೆ, ದಂತ ಕ್ಲಿನಿಕ್):
62 ವರ್ಷದ ರೋಗಿ, ಕುಟ್ಟದಿಂದ ಬರುತ್ತಾರೆ. ರಾತ್ರಿ ಗ್ಲಾರ್ಜಿನ್ ಇನ್ಸುಲಿನ್ 20 ಯೂನಿಟ್; ಬೆಳಿಗ್ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ಮಾತ್ರೆ. ಐವಿ (ರಕ್ತನಾಳಕ್ಕೆ ಕೊಡುವ) ಸೆಡೇಶನ್‌ಗೆ ಉಪವಾಸ ಇರಿಸುವಾಗ ಯಾವುದನ್ನು ನಿಲ್ಲಿಸಬೇಕು?

ಉತ್ತರ 1:
ಅವರ ಫಿಜಿಶಿಯನ್ ಜೊತೆ ಮೊದಲೇ ಮಾತಾಡಿ. ಡಾಪಾಗ್ಲಿಫ್ಲೋಜಿನ್ 3 ದಿನ ಮುಂಚೆಯೇ ನಿಲ್ಲಬೇಕು. ಉಪವಾಸದಲ್ಲಿ ಅದು ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿ ಬರುವ ಆಮ್ಲ) ಏರಿಸಬಹುದು, ಆಗ ಗ್ಲುಕೋಮೀಟರ್ ಮಾತ್ರ ಹೆಚ್ಚುಕಡಿಮೆ ಸಾಮಾನ್ಯ ಸಕ್ಕರೆ ಅಂಕಿಯನ್ನೇ ತೋರಿಸುತ್ತಿರುತ್ತದೆ. ಅದಕ್ಕೇ ಇದು ಅಪಾಯ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಆ ಬೆಳಿಗ್ಗೆ ಬೇಡ. ಗ್ಲಾರ್ಜಿನ್ ಪೂರ್ತಿ ಬಿಡಬಾರದು, ಹಿಂದಿನ ರಾತ್ರಿ 15-16 ಯೂನಿಟ್ ಸಾಕು. ಊಟ 6 ಗಂಟೆ, ನೀರು 2 ಗಂಟೆ ಮುಂಚೆ ನಿಲ್ಲಲಿ. ದಿನದ ಮೊದಲ ಸರದಿ ಇವರಿಗೇ ಕೊಡಿ.

ಉತ್ತರ 2:
ಬೆರಳು ಚುಚ್ಚುವ ಮುಂಚೆ ಸೋಪಿನಲ್ಲಿ ಕೈ ತೊಳೆಸಿ, ಒರೆಸಿ. ಕಿತ್ತಳೆ ಸುಲಿದ, ಜೇನು ಮುಟ್ಟಿದ ಕೈಯಲ್ಲಿ ಅಂಕಿ ಸುಳ್ಳೇ ಏರುತ್ತದೆ. ಮಳೆಗಾಲದ ಚಳಿಗೆ ಬೆರಳು ಮರಗಟ್ಟಿದ್ದರೆ ಬೆಚ್ಚಗೆ ಮಾಡಿ.

ಸೆಡೇಶನ್ ನಡುವೆ 30 ನಿಮಿಷಕ್ಕೊಮ್ಮೆ ಸಕ್ಕರೆ ನೋಡಿ. ಸಕ್ಕರೆ ಇಳಿದರೂ ಮಂಪರಿನಲ್ಲಿರುವವರು “ತಲೆ ಸುತ್ತುತ್ತಿದೆ” ಎನ್ನಲಾರರು, ಬೆವರನ್ನು ಗಮನಿಸಿ. ಬೀಟಾ ಬ್ಲಾಕರ್ (ಬಿಪಿ, ಹೃದಯದ ಒಂದು ಬಗೆಯ ಮಾತ್ರೆ) ತೆಗೆದುಕೊಳ್ಳುವವರಲ್ಲಿ ನಾಡಿ ಏರದೆಯೂ ಇರಬಹುದು. ಸಕ್ಕರೆ 70 mg/dLಗಿಂತ ಇಳಿದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. 25% ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) 100 ಎಂಎಲ್ ಐವಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ.

ಉತ್ತರ 3:
ಊತಕ್ಕೆ ಡೆಕ್ಸಾಮೆಥಾಸೋನ್ (ಸ್ಟಿರಾಯ್ಡ್) ಕೊಟ್ಟರೆ ಮಾರನೇ ದಿನವೂ ಸಕ್ಕರೆ ಏರಿರಬಹುದು, ಮನೆಯವರಿಗೆ ತಿಳಿಸಿ. ಮರಗಟ್ಟು ಬಿಟ್ಟ ಮೇಲೆ ಆರಿದ ಗಂಜಿ ಕೊಡಲಿ. ಸರಿಯಾಗಿ ಉಣ್ಣುವವರೆಗೆ ಗ್ಲಿಮೆಪಿರೈಡ್ ಶುರು ಮಾಡಬೇಡಿ. ಕುಟ್ಟದವರೆಗಿನ ದಾರಿಗೆ ಜೊತೆಗೊಬ್ಬರು, ಕೈಯಲ್ಲಿ ಗ್ಲುಕೋಸ್ ಪುಡಿ ಇರಲೇಬೇಕು.