ಗುಜರಿಯಿಂದ ತಂದ ಎಂಜಿನ್, ಮಗ ಕಟ್ಟುತ್ತಿರುವ ಕಾರ್ಟ್: ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಂದ

ಮಗ ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷದಲ್ಲಿದ್ದಾನೆ. ಈ ರಜೆಯಲ್ಲಿ ಗೋ-ಕಾರ್ಟ್ (ನೆಲಕ್ಕಂಟಿದಂತೆ ಓಡುವ ನಾಲ್ಕು ಚಕ್ರದ ಪುಟ್ಟ ಗಾಡಿ) ಕಟ್ಟಿಯೇ ತೀರುತ್ತೇನೆಂದು ಹಟ ಹಿಡಿದಿದ್ದಾನೆ. ಗುಜರಿ ಅಂಗಡಿಯೊಂದರಿಂದ ಬೈಕಿನ ಎಂಜಿನ್ ತಂದಿದ್ದೇವೆ. ಅಂಗಡಿಯವರು ‘ಯುನಿಕಾರ್ನ್, ನೂರೈವತ್ತು ಸಿಸಿ’ ಎಂದು ಕೊಟ್ಟರು. ಎಂಜಿನ್ ನಂಬರಿನ ಮೇಲೆ ಗ್ರೀಸು, ಮಣ್ಣು ಮೆತ್ತಿಕೊಂಡು ಓದಲು ಬರುತ್ತಿಲ್ಲ. ಕಾರ್ಬ್ಯುರೇಟರ್ ಇದೆ, ವೈರಿಂಗ್ ಇಲ್ಲ. ಓಡಿಸುವುದು ಅಡಿಕೆ ಒಣಗಿಸುವ ಕಣದಲ್ಲಿ ಮತ್ತು ಅದರ ಪಕ್ಕದ ಖಾಲಿ ಜಾಗದಲ್ಲಿ ಮಾತ್ರ, ರಸ್ತೆಗೆ ತರುವುದಿಲ್ಲ. ಇದು ನಿಜಕ್ಕೂ ಯಾವ ಎಂಜಿನ್ ಎಂದು ತಿಳಿಯುವುದು ಹೇಗೆ? ಕಾರ್ಟಿಗೆ ಕೂರಿಸುವಾಗ ಏನೇನು ಬದಲಿಸಬೇಕು? ಬೋರ್ (ಸಿಲಿಂಡರಿನ ಒಳ ವ್ಯಾಸ) ದೊಡ್ಡದು ಮಾಡಿಸಿ, ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ತೇಯಿಸಿ ಪವರ್ ಹೆಚ್ಚಿಸೋಣ ಎಂದು ಮಗ ಹೇಳುತ್ತಾನೆ. ಅದು ಬೇಕೇ?

ಉತ್ತರ, ತುಮಕೂರಿನಲ್ಲಿ ಗ್ಯಾರೇಜ್ ಇಟ್ಟವರಿಂದ

ಸರ್, ಎಲ್ಲಕ್ಕಿಂತ ಮೊದಲು ನಂಬರ್. ಸೀಮೆಎಣ್ಣೆ ಹಚ್ಚಿ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿದರೆ ಅಚ್ಚು ಬೆಳ್ಳಗೆ ಎದ್ದು ಕಾಣುತ್ತದೆ. ಮಣ್ಣು ಮೆತ್ತಿದ್ದರೆ ತೊಂದರೆ ಇಲ್ಲ. ಆದರೆ ಆ ಜಾಗವನ್ನು ಅರದಿಂದಲೋ ಗ್ರೈಂಡರ್‌ನಿಂದಲೋ ಸವೆಸಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ವಾಪಸು ಕೊಟ್ಟುಬಿಡಿ. ಕಣದಲ್ಲಿ ಓಡುವ ಗಾಡಿಗೆ ಕಾಗದ ಯಾಕೆ ಅನ್ನಬೇಡಿ. ಆರ್‌ಸಿಯಲ್ಲಿ ಚಾಸಿ ನಂಬರಿನ ಜೊತೆ ಎಂಜಿನ್ ನಂಬರೂ ಇರುತ್ತದೆ. ಗಾಡಿ ಬಳಸಲು ಬಾರದಂತಾದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಹೆಚ್ಚಿನವರು ತಿಳಿಸುವುದಿಲ್ಲ, ಅದು ಬೇರೆ ಮಾತು. ಹಳೆಯ ಆರ್‌ಸಿಯ ಪ್ರತಿಯನ್ನೂ ಅಂಗಡಿಯ ಬಿಲ್ಲನ್ನೂ ಕೇಳಿ ಇಟ್ಟುಕೊಳ್ಳಿ. ಒಮ್ಮೆ ನಾನು ಬಿಲ್ಲಿಲ್ಲದೆ ತಂದ ಒಂದು ಬ್ಲಾಕಿಗಾಗಿ ಮೂರು ದಿನ ಠಾಣೆಯ ಬೆಂಚಿನ ಮೇಲೆ ಕೂತಿದ್ದೇನೆ.

ಇನ್ನು ಗುರುತು ಹಿಡಿಯುವುದು. ಸಿಲಿಂಡರ್ ನೆಲಕ್ಕೆ ಸಮವಾಗಿ ಮುಂದಕ್ಕೆ ಮಲಗಿದ್ದರೆ ಅದು ಸ್ಪ್ಲೆಂಡರ್ ಕುಟುಂಬದ 97.2 ಸಿಸಿ, ಬೋರ್ 50, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸಾಗುವ ದೂರ) 49.5 ಮಿಲಿಮೀಟರ್. ನಿಮ್ಮದು ಎದ್ದು ನಿಂತಿದ್ದರೆ ಅಳೆಯಲೇಬೇಕು. ಪ್ಲಗ್ ಬಿಚ್ಚಿ ಉದ್ದನೆಯ ಕೇಬಲ್ ಟೈ ಇಳಿಸಿ, ಪಿಸ್ಟನ್ ತುದಿಗೆ ಬಂದಾಗ ಒಂದು ಗುರುತು, ತಳಕ್ಕೆ ಹೋದಾಗ ಒಂದು ಗುರುತು ಹಾಕಿ. ನಡುವಿನ ಅಂತರ ಹೆಚ್ಚುಕಡಿಮೆ ಸ್ಟ್ರೋಕ್. ಹೆಚ್ಚುಕಡಿಮೆ ಎಂದದ್ದು ಏಕೆಂದರೆ ಪ್ಲಗ್ ತೂತು ಓರೆಯಾಗಿರುತ್ತದೆ. ಪೊರಕೆ ಕಡ್ಡಿ ಮಾತ್ರ ಹಾಕಬೇಡಿ. ಒಳಗೆ ಮುರಿದುಕೊಂಡ ಪೊರಕೆ ಕಡ್ಡಿಯನ್ನು ಇಕ್ಕಳದಲ್ಲಿ ಹೆಕ್ಕುತ್ತಾ ಇಡೀ ಒಂದು ಭಾನುವಾರ ಕಳೆದವನು ನಾನು.

ಯುನಿಕಾರ್ನ್ ಎಂದು ಹೇಳಿ ಕೊಟ್ಟಿದ್ದರೆ ಹೆಡ್ ಎತ್ತಿ ಬೋರ್ ನೋಡುವವರೆಗೂ ನಂಬಬೇಡಿ. ಹಳೆಯ ಯುನಿಕಾರ್ನಿನ ಬೋರ್ 57.3, ಸ್ಟ್ರೋಕ್ 57.8. ಹಳೆಯ ಶೈನ್, ಸೂಪರ್ ಸ್ಪ್ಲೆಂಡರ್‌ಗಳದ್ದೂ ಅದೇ 57.8 ಸ್ಟ್ರೋಕ್, ಬೋರ್ ಮಾತ್ರ 52.4. ಹೊರಗಿನಿಂದ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಬೋರನ್ನು ಬೋರಿನಿಂದಲೇ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, 0.7854ರಿಂದ ಗುಣಿಸಿ. ಎಲ್ಲವೂ ಸೆಂಟಿಮೀಟರ್‌ನಲ್ಲಿರಲಿ. ಒಂದಕ್ಕೆ 149, ಇನ್ನೊಂದಕ್ಕೆ 124.7 ಬರುತ್ತದೆ. ಹೆಡ್ ಬಿಚ್ಚುವ ಮೊದಲೇ ಸುಳಿವು ಬೇಕೆಂದರೆ ಗೇರ್ ಎಣಿಸಿ. ಸ್ಪ್ರಾಕೆಟ್ಟನ್ನು (ಚೈನು ಕೂರುವ ಹಲ್ಲಿನ ಚಕ್ರ) ಕೈಯಲ್ಲಿ ತಿರುಗಿಸುತ್ತಾ ಲಿವರ್ ಒತ್ತಿ. ಯುನಿಕಾರ್ನಿಗೆ ಐದು ಗೇರ್, ಹಳೆಯ ಶೈನಿಗೆ ನಾಲ್ಕು.

ಹೆಡ್ ಎತ್ತಿದಾಗ ಪಿಸ್ಟನ್ ತಲೆಯ ಮೇಲೆ 0.25, 0.50 ಎಂಬಂಥ ಗುರುತು ಇದೆಯೇ ನೋಡಿ. ಇದ್ದರೆ ಯಾರೋ ಆಗಲೇ ಬೋರ್ ಮಾಡಿಸಿದ್ದಾರೆ. ಹಳೆ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಬೆಳ್ಳಿ ಪುಡಿ ಮಿನುಗಿದರೆ ಒಳಗೆ ಏನೋ ತೇಯುತ್ತಿದೆ, ಹಾಲಿನಂತಿದ್ದರೆ ನೀರು ಸೇರಿದೆ. ಸ್ಪ್ರಾಕೆಟ್ ಕೂರುವ ಶಾಫ್ಟಿನ ಹಲ್ಲುಗಳನ್ನೂ ಅದರ ಹಿಂದಿನ ಕೇಸನ್ನೂ ಬೆರಳಾಡಿಸಿ ನೋಡಿ. ಹಿಂದೊಮ್ಮೆ ಚೈನು ಕಡಿದಿದ್ದರೆ ಅಲ್ಲೇ ಬಿರುಕು ಬಿಟ್ಟಿರುತ್ತದೆ. ಅಂಥ ಕೇಸನ್ನು ಬೆಸುಗೆ ಹಾಕಿಸಿ ನಂಬುವುದಕ್ಕಿಂತ ಬೇರೆ ಎಂಜಿನ್ ಹುಡುಕುವುದು ಅಗ್ಗ.

ಉತ್ತರ, ಹುಬ್ಬಳ್ಳಿಯ ಪಾಲಿಟೆಕ್ನಿಕ್ ಉಪನ್ಯಾಸಕರಿಂದ

ಗ್ಯಾರೇಜಿನವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಎರಡನೇ ಪ್ರಶ್ನೆಗೆ ಬರುತ್ತೇನೆ. ವಿದ್ಯಾರ್ಥಿಗಳ ಜೊತೆ ನಾಲ್ಕು ಕಾರ್ಟ್ ಕಟ್ಟಿಸಿದ್ದೇನೆ. ಮೊದಲ ಎರಡರ ಎಂಜಿನ್‌ಗಳು ಸುಟ್ಟವು. ಎರಡೂ ಚೆನ್ನಾಗಿದ್ದ ಎಂಜಿನ್‌ಗಳೇ.

ಬೈಕು ತಿರುವಿನಲ್ಲಿ ವಾಲುತ್ತದೆ, ಕಾರ್ಟ್ ವಾಲುವುದಿಲ್ಲ. ನಮ್ಮ ಅರ್ಧ ತೊಂದರೆ ಇಲ್ಲೇ ಇತ್ತು. ತುಂಬಿದ ಚೊಂಬನ್ನು ಕೈಯಲ್ಲಿ ಹಿಡಿದು ಬೀಸಿ ತಿರುಗಿಸಿದರೂ ನೀರು ಚೆಲ್ಲುವುದಿಲ್ಲ, ತಳಕ್ಕೇ ಒತ್ತಿಕೊಂಡಿರುತ್ತದೆ. ವಾಲಿದ ಬೈಕಿನಲ್ಲಿ ಆಯಿಲೂ ಕಾರ್ಬ್ಯುರೇಟರಿನ ಬಟ್ಟಲಲ್ಲಿರುವ ಪೆಟ್ರೋಲೂ ಹಾಗೆಯೇ ಇರುತ್ತವೆ. ಕಾರ್ಟ್ ಎಂದರೆ ತಿರುವಿನಲ್ಲಿ ಬಸ್ಸಿನೊಳಗೆ ಸಾರಿನ ತಟ್ಟೆ ಹಿಡಿದು ಕೂತಂತೆ. ಆಯಿಲ್ ಒಂದು ಗೋಡೆಗೆ ಏರುತ್ತದೆ, ಪಂಪಿನ ಬಾಯಿ ಗಾಳಿ ಹೀರುತ್ತದೆ, ಮೇಲೆ ವಾಲ್ವ್ ತೆರೆಯುವ ಕ್ಯಾಮಿಗೆ ಆಯಿಲ್ ಮುಟ್ಟುವುದಿಲ್ಲ. ನಮ್ಮ ಮೊದಲನೆಯ ಎಂಜಿನ್ ಹೋದದ್ದು ಹೀಗೆ. ವೃತ್ತಾಕಾರದಲ್ಲಿ ಒಂದೇ ದಿಕ್ಕಿಗೆ ಸುತ್ತು ಹೊಡೆಯುತ್ತಿದ್ದರು ಹುಡುಗರು. ಈಗ ಸ್ಟ್ರೈನರಿನ (ಆಯಿಲ್ ಸೋಸುವ ಜಾಲರಿ) ಸುತ್ತ ತೂತು ಕೊರೆದ ತಗಡಿನ ತಡೆ ಇಡಿಸುತ್ತೇನೆ. ನಿಮ್ಮ ಕಣದ ವೇಗಕ್ಕೆ ಅಷ್ಟು ಬೇಡ. ಆಯಿಲ್ ಸದಾ ಮೇಲಿನ ಗೆರೆಯಲ್ಲಿರಲಿ, ಒಂದೇ ದಿಕ್ಕಿಗೆ ಸುತ್ತುವುದನ್ನು ಬಿಡಲಿ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪನ್ನು ಮೇಲಕ್ಕೆ ಒಯ್ದು ಒಂದು ಬಾಟಲಿಗೆ ಬಿಡಿ.

ಎರಡನೆಯದು ಗಾಳಿ. ಬೈಕಿನಲ್ಲಿ ಎಂಜಿನ್ ಗಾಳಿಗೆ ಎದೆ ಕೊಟ್ಟು ನಿಂತಿರುತ್ತದೆ. ಕಾರ್ಟಿನಲ್ಲಿ ಅದು ಸೀಟಿನ ಮರೆಯಲ್ಲಿ ಅಡಗಿ ಕೂರುತ್ತದೆ. ನಮ್ಮ ಎರಡನೆಯ ಎಂಜಿನ್ ಜಾಮ್ ಆದದ್ದು ಈ ಕಾರಣಕ್ಕೆ. ಸ್ಕೂಟರ್ ಎಂಜಿನ್‌ಗೆ ತನ್ನದೇ ಫ್ಯಾನು, ಹೊದಿಕೆ ಇರುವುದರಿಂದ ಈ ಚಿಂತೆ ಇಲ್ಲ. ಬೈಕಿನದಕ್ಕೆ ಪಕ್ಕದಿಂದ ಗಾಳಿ ಹಿಡಿದು ಸಿಲಿಂಡರಿನ ರೆಕ್ಕೆಗಳತ್ತ ತಿರುಗಿಸುವ ತಗಡಿನ ದೋಣಿಯೊಂದನ್ನು ಮಾಡಿಸಿ. ನಿಂತಲ್ಲೇ ಎಂಜಿನ್ ಓಡಿಸುತ್ತಾ ಫೋಟೊ ತೆಗೆಯುವ ಚಟ ಇದ್ದರೆ 12 ವೋಲ್ಟಿನ ಫ್ಯಾನೂ ಬೇಕಾಗುತ್ತದೆ.

ಮೂರನೆಯದು ಪೆಟ್ರೋಲ್. ಬೈಕಿನ ಟ್ಯಾಂಕ್ ಕಾರ್ಬ್ಯುರೇಟರಿಗಿಂತ ಮೇಲಿರುತ್ತದೆ, ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಕಾರ್ಟಿನ ಟ್ಯಾಂಕ್ ಸ್ಟಿಯರಿಂಗ್ ಕೆಳಗೆ, ಕಾಲುಗಳ ನಡುವೆ ಇರುತ್ತದೆ. ಇನ್‌ಟೇಕಿನ ಎಳೆತದಿಂದ ನಡೆಯುವ ಸಣ್ಣ ವ್ಯಾಕ್ಯೂಮ್ ಪಂಪ್ ಹಾಕಿದರೆ ಸಾಕು. ಪಂಪ್ ಉಳಿಸಲು ಟ್ಯಾಂಕನ್ನು ಸೀಟಿನ ಹಿಂದೆ, ಸೈಲೆನ್ಸರಿನ ಮೇಲೆ ಎತ್ತಿ ಕಟ್ಟುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಪವರ್ ವಿಷಯಕ್ಕೆ ನಿಮ್ಮ ಮಗನಿಗೆ ಬೇಸರವಾಗುವ ಉತ್ತರ: ಬೇಡ. ಎಂಜಿನ್‌ಗೆ ಗಾಳಿ, ಆಯಿಲ್, ಪೆಟ್ರೋಲ್ ಸರಿಯಾಗಿ ಸಿಗುವವರೆಗೆ ಹೆಡ್ ತೇಯಿಸುವುದೆಂದರೆ ಬಿಸಿಯಾಗಿ ಸಾಯುವ ಎಂಜಿನನ್ನು ಇನ್ನೂ ಬೇಗ ಸಾಯಿಸುವುದು. ಏರ್ ಫಿಲ್ಟರ್ ಡಬ್ಬ ತೆಗೆದು ಬರೀ ಜಾಲರಿ ಹಾಕಿದರೂ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಬಿಸಿ ಏರುತ್ತದೆ. ಆಗ ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಒಂದೆರಡು ಅಳತೆ ದೊಡ್ಡದು ಹಾಕಬೇಕು.

ಉತ್ತರ, ಕೊಯಮತ್ತೂರಿನಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡುವ ಕನ್ನಡಿಗರಿಂದ

ಕೂರಿಸುವ ಬಗ್ಗೆ ಎರಡು ಮಾತು. ಎಂಜಿನ್ ಆಕ್ಸಲಿನ ಮುಂದಿರಲಿ, ಹಿಂದಿರಲಿ, ಬೈಕಿನಲ್ಲಿ ಯಾವ ಕಡೆಗೆ ಮುಖ ಮಾಡಿತ್ತೋ ಅದೇ ಕಡೆಗೆ ಮುಖ ಮಾಡಿರಬೇಕು. ಜಾಗ ಸಾಲದೆಂದು ತಿರುಗಿಸಿಟ್ಟರೆ ಮೊದಲ ಗೇರಿನಲ್ಲೇ ಗಾಡಿ ಹಿಂದಕ್ಕೆ ಓಡುತ್ತದೆ. ನಗಬೇಡಿ, ವೆಲ್ಡಿಂಗ್ ಎಲ್ಲ ಮುಗಿಸಿ ಬಣ್ಣವನ್ನೂ ಹೊಡೆದ ಮೇಲೆ ಇದು ಗೊತ್ತಾದವರು ನಮ್ಮ ಅಂಗಡಿಗೆ ಬಂದಿದ್ದಾರೆ. ಸ್ಪ್ರಾಕೆಟ್ ಎಡಗಡೆ ಇರುವುದರಿಂದ ಎಂಜಿನನ್ನು ಚಾಲಕನ ಬಲಕ್ಕೆ ಇಟ್ಟರೆ ಚೈನು ಸೀಟಿನ ಪಕ್ಕದಲ್ಲೇ ಓಡುತ್ತದೆ. ಕಿಕ್ಕರ್ ಹೊರಗೆ ಆರಾಮಾಗಿ ಸಿಗುತ್ತದೆ, ಆದರೆ ಚೈನಿಗೆ ಗಟ್ಟಿ ಕವಚ ಇಲ್ಲದೆ ಒಂದು ಅಡಿಯೂ ಓಡಿಸಬೇಡಿ. ಮೊಣಕೈ ಅಲ್ಲೇ ಇರುತ್ತದೆ.

ಕಾರ್ಟಿಗೆ ಸಸ್ಪೆನ್ಶನ್ ಇಲ್ಲ, ತಿರುವಿನಲ್ಲಿ ಹಿಂದಿನ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಶಿಯಲ್ ಇಲ್ಲ. ಚಾಸಿ ತುಸು ತಿರುಚಿಕೊಂಡು ಒಳಗಿನ ಹಿಂದಿನ ಚಕ್ರವನ್ನು ಹಗುರ ಮಾಡಿದರೆ ಮಾತ್ರ ಅದು ತಿರುಗುತ್ತದೆ. ಎಂಜಿನನ್ನು ನಾಲ್ಕೂ ಕಡೆ ಚಾಸಿಗೇ ಬೆಸೆದರೆ ಚಾಸಿ ಮರದ ಹಲಗೆಯಂತಾಗಿ ಗಾಡಿ ನೇರಕ್ಕೇ ಹೋಗುತ್ತದೆ. ದಪ್ಪ ಪ್ಲೇಟಿನ ಮೇಲೆ ಎಂಜಿನ್ ಕೂರಿಸಿ, ಆ ಪ್ಲೇಟನ್ನು ಎರಡು ಪೈಪುಗಳಿಗೆ ಕ್ಲಾಂಪ್ ಮಾಡಿ. ಬೋಲ್ಟ್ ಸಡಿಲಿಸಿ ಪ್ಲೇಟ್ ಸರಿಸಿದರೆ ಚೈನಿನ ಬಿಗಿಯೂ ಸರಿಹೋಗುತ್ತದೆ.

ಉತ್ತರ, ಮೈಸೂರಿನಿಂದ

ಇಷ್ಟೆಲ್ಲ ಯಾಕೆ? ಯಮಹಾ ಆರ್‌ಎಕ್ಸ್ 100ರ ಟೂ-ಸ್ಟ್ರೋಕ್ ಎಂಜಿನ್ ಹಾಕಿ. 98 ಸಿಸಿ, 11 ಅಶ್ವಶಕ್ತಿ, ಆಯಿಲ್ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ತಲೆನೋವೇ ಇಲ್ಲ.

ಮತ್ತೆ ತುಮಕೂರಿನವರು

ಯಜಮಾನರೇ, ಸಂಪಿನ ಮಾತು ಒಪ್ಪಿದೆ. ಆದರೆ 1996ಕ್ಕೆ ನಿಂತ ಗಾಡಿ ಅದು. ಅದರ ಒಳ್ಳೆಯ ಎಂಜಿನ್ ಸಿಕ್ಕರೆ ಯಾರೂ ಕಾರ್ಟಿಗೆ ಹಾಕುವುದಿಲ್ಲ, ಹಾಕಿದರೆ ಅಭಿಮಾನಿಗಳು ಹೊಡೆಯುತ್ತಾರೆ.

ಚನ್ನಗಿರಿಯವರು, ಎರಡು ವಾರದ ಬಳಿಕ

ಎಲ್ಲರಿಗೂ ನಮಸ್ಕಾರ. ನಂಬರ್ ಸವೆಸಿಲ್ಲ, ಪೂರ್ತಿ ಓದಲು ಬಂತು. ಗೇರ್ ಎಣಿಸಿದೆವು: ನಾಲ್ಕು. ಹೆಡ್ ಎತ್ತಿ ಮಗನ ಕಾಲೇಜಿನ ವರ್ನಿಯರ್ ಇಟ್ಟೆವು: 52.4. ಅಂದರೆ 125. ಅಂಗಡಿಯವರನ್ನು ಕೇಳಿದ್ದಕ್ಕೆ ‘ಕಾರ್ಟಿಗೆ ತಾನೇ ಸ್ವಾಮಿ, ಎರಡೂ ಒಂದೇ’ ಎಂದರು. ಸ್ವಲ್ಪ ಹಣ ವಾಪಸು ಕೊಟ್ಟು, ಹಳೆಯ ಆರ್‌ಸಿಯ ಪ್ರತಿಯನ್ನೂ ಒಂದು ಹಳೆಯ ವೈರಿಂಗನ್ನೂ ಸಿಡಿಐ (ಪ್ಲಗ್ಗಿನ ಕಿಡಿ ನಿಯಂತ್ರಿಸುವ ಪೆಟ್ಟಿಗೆ) ಸಮೇತ ಕೈಗಿಟ್ಟರು. ಈಗ ಸ್ಪ್ರಾಕೆಟ್ ಎಷ್ಟು ಹಲ್ಲಿನದು ಹಾಕಬೇಕು? ಹಿಂದಿನ ಟೈರ್ 11 ಇಂಚು ವ್ಯಾಸದ್ದು.

ಹುಬ್ಬಳ್ಳಿಯ ಉಪನ್ಯಾಸಕರು

ಪುಸ್ತಕ ಹುಡುಕಬೇಡಿ, ಎಂಜಿನನ್ನೇ ಕೇಳಿ. ಪ್ಲಗ್ ತೆಗೆದು ಕೊನೆಯ ಗೇರಿಗೆ ಹಾಕಿ, ಸ್ಪ್ರಾಕೆಟ್ ಒಂದು ಸುತ್ತು ಬರಲು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಎಷ್ಟು ಸುತ್ತಬೇಕೆಂದು ಎಣಿಸಿ. ಅದು 3.2 ಬಂದಿತೆಂದು ಇಟ್ಟುಕೊಳ್ಳೋಣ. ನಿಮ್ಮ ಟೈರ್ ಒಂದು ಸುತ್ತಿಗೆ ಸುಮಾರು 0.88 ಮೀಟರ್ ಸಾಗುತ್ತದೆ. ಬೈಕಿನ ಚಕ್ರ ಸಾಗುವುದು ಇದರ ಎರಡರಷ್ಟಕ್ಕಿಂತ ಹೆಚ್ಚು. ಹಾಗಾಗಿ ಬೈಕಿನದೇ 14 ಮತ್ತು 42 ಹಲ್ಲಿನ ಜೋಡಿ ಇಟ್ಟರೆ ಎಂಜಿನ್ ನಿಮಿಷಕ್ಕೆ 7,500 ಸುತ್ತಿನಲ್ಲಿ ಗಂಟೆಗೆ ಸುಮಾರು 41 ಕಿಲೋಮೀಟರ್. ಹಿಂದೆ 28 ಹಲ್ಲಿನದು ಹಾಕಿದರೆ ಸುಮಾರು 62. ನೆಲಕ್ಕೆ ಮೂರು ಬೆರಳು ಎತ್ತರದಲ್ಲಿ ಕೂತವನಿಗೆ 41 ಎಂದರೆ 80ರ ಹಾಗೆ ಅನಿಸುತ್ತದೆ. ಮೊದಲ ತಿಂಗಳು 42 ಇರಲಿ. ನೆಲಕ್ಕೆ ತಾಗುವುದಿಲ್ಲವೇ ಎಂದು ಮಾತ್ರ ನೋಡಿ: 428 ಚೈನಿನ 42 ಹಲ್ಲಿನ ಸ್ಪ್ರಾಕೆಟ್ ಸುಮಾರು 17 ಸೆಂಟಿಮೀಟರ್ ವ್ಯಾಸದ್ದು, ನಿಮ್ಮ ಟೈರ್ ಸುಮಾರು 28. ಚೈನೂ ಸೇರಿದರೆ ಕೆಳಗೆ ಐದು ಸೆಂಟಿಮೀಟರ್ ಉಳಿಯುತ್ತದೆ. ಕಣದಲ್ಲಿ ಸಾಕು, ತೋಟದ ದಾರಿಯಲ್ಲಿ ಸಾಲದು.

ತುಮಕೂರಿನವರು

ಎಂಜಿನ್ ನಿಲ್ಲಿಸುವ ಸ್ವಿಚ್ ಮರೆಯಬೇಡಿ, ಎಲ್ಲಕ್ಕೂ ಮೊದಲು ಅದನ್ನೇ ಹಾಕಿ. ಸಿಡಿಐ ಮ್ಯಾಗ್ನೆಟ್ಟಿನ ಕರೆಂಟಿನಲ್ಲೇ ನಡೆಯುವುದಾದರೆ ನಿಲ್ಲಿಸುವ ತಂತಿಯನ್ನು ಚಾಸಿಗೆ ತಾಗಿಸಿದಾಗ ಎಂಜಿನ್ ನಿಲ್ಲುತ್ತದೆ. ಬ್ಯಾಟರಿಯಲ್ಲಿ ನಡೆಯುವುದಾದರೆ ಬ್ಯಾಟರಿಯ ಕರೆಂಟ್ ಕಡಿದಾಗ ನಿಲ್ಲುತ್ತದೆ. ಯಾವುದು ಎಂದು ಮೀಟರ್ ಇಟ್ಟು ನೋಡಿ, ಊಹೆ ಮಾಡಬೇಡಿ. ಸ್ವಿಚ್ ಸ್ಟಿಯರಿಂಗ್ ಮೇಲೆ ಒಂದು, ಹೊರಗೆ ನಿಂತವರ ಕೈಗೆ ಸಿಗುವಂತೆ ಸೀಟಿನ ಹಿಂದೆ ಒಂದು.

ಚನ್ನಗಿರಿಯವರು

ನಿನ್ನೆ ಸಂಜೆ ಓಡಿತು. ಕಣದ ಸುತ್ತ ಹತ್ತು ಸುತ್ತು, ಐದು ಎಡಕ್ಕೆ, ಐದು ಬಲಕ್ಕೆ. ತಗಡಿನ ದೋಣಿಯನ್ನು ಹಳೆಯ ಎಣ್ಣೆ ಡಬ್ಬದಿಂದ ಮಾಡಿದ್ದೇವೆ. ಬೋರ್ ದೊಡ್ಡದು ಮಾಡಿಸುವ ಮಾತನ್ನು ಮಗ ಸದ್ಯಕ್ಕೆ ಎತ್ತುತ್ತಿಲ್ಲ. ಒಂದೇ ತೊಂದರೆ: ಎಡ ತಿರುವಿನಲ್ಲಿ ಎಂಜಿನ್ ಕೆಮ್ಮುತ್ತದೆ, ಬಲಕ್ಕೆ ತಿರುಗಿದರೆ ಇಲ್ಲ.

ಹುಬ್ಬಳ್ಳಿಯ ಉಪನ್ಯಾಸಕರು

ಸಾರಿನ ತಟ್ಟೆ! ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪಿನ ತುದಿಗೆ ಒಂದು ಪಾರದರ್ಶಕ ಬಾಟಲಿ ಕಟ್ಟಿ ಎಡಕ್ಕೇ ಐದು ಸುತ್ತು ಹೊಡೆಸಿ. ಬಾಟಲಿಗೆ ಪೆಟ್ರೋಲ್ ಬಿದ್ದು ಹೊಗೆ ಕಪ್ಪಗಿದ್ದರೆ ಫ್ಲೋಟ್ ಮಟ್ಟ (ಬಟ್ಟಲಲ್ಲಿ ಪೆಟ್ರೋಲ್ ನಿಲ್ಲುವ ಎತ್ತರ) ಒಂದು ಮಿಲಿಮೀಟರ್ ಇಳಿಸಿ. ಬಾಟಲಿ ಒಣಗಿಯೇ ಇದ್ದು ಎಂಜಿನ್ ಬರೀ ಸತ್ತಂತಾದರೆ ಪೆಟ್ರೋಲ್ ಜೆಟ್ಟಿನಿಂದ ದೂರ ಸರಿಯುತ್ತಿದೆ, ಆಗ ಮಟ್ಟ ಅಷ್ಟೇ ಏರಿಸಿ. ಯಾವುದೆಂದು ಬರೆಯಿರಿ.